ಅತ್ತಿ ಸಾಕ್ಷಿ ಹೇಳಿದ ಮ್ಯಾಲೆ ನಾ ಗಾಡಿ ಕಲಿತದ್ದು

ನಮ್ಮ ಚರ್ಚಿನ್ಯಾಗ ರವಿವಾರ ಎರಡನೇ ಹಾಡು ಮುಗದ ಮ್ಯಾಲೆ ಸಾಕ್ಷಿ ಹೇಳೋ ಹೊತ್ತು ಅಂತ ಒಂದು ಇರತೈತಿ. ಆ ವಾರ ದೇವರು ಯಾರಿಗೆ ಏನು ಉಪಕಾರ ಮಾಡಿದಾನೋ ಅವರು ಎದ್ದು ನಿಂತು ಎಲ್ಲಾರ ಮುಂದ ಹೇಳಬೇಕು. ಒಬ್ಬರ ಜ್ವರ ಇಳಿದಿರತೈತಿ, ಒಬ್ಬರ ಮಗಳಿಗೆ ವರ ಸಿಕ್ಕಿರತಾನ, ಇನ್ನೊಬ್ಬರ ಬೋರಿಗೆ ನೀರು ಬಿದ್ದಿರತೈತಿ. ಅವರು ಹೇಳಿದ ಮ್ಯಾಲೆ ನಾವೆಲ್ಲಾ ಕೂಡಿ "ಸ್ತೋತ್ರ" ಅಂತೇವಿ. ಇಷ್ಟ ಪದ್ಧತಿ. ಇದರಾಗ ಎಡವಟ್ಟು ಆಗಾಕ ಜಾಗಾನ ಇಲ್ಲ ಅಂತ ನಾ ತಿಳಕೊಂಡಿದ್ದೆ, ನಮ್ಮ ಅತ್ತಿ ಎದ್ದು ನಿಲ್ಲೋತನಕ.

ಅತ್ತಿ ಮನ್ಯಾಗ ಅಪ್ಪಟ ಧಾರವಾಡದ ಮಾತು ಮಾತಾಡತಾರ. ದೇವರ ವಿಷಯ ಬಂತಂದ್ರ ಮಾತ್ರ ಪುಸ್ತಕದ ಕನ್ನಡ. ಸೆರಗು ತಲಿ ಮ್ಯಾಲೆ ಎಳಕೊಂಡು, ಮುಂದಿನ ಬೆಂಚು ಗಟ್ಟಿ ಹಿಡಕೊಂಡು ಶುರು ಮಾಡಿದ್ರು: "ನನ್ನ ಸೊಸೆಗೆ ಮೋಟಾರು ವಾಹನವನ್ನು ನಡೆಸುವ ಲೈಸನ್ಸನ್ನು ದಯಪಾಲಿಸಿದ ಕರ್ತನಿಗೆ ಅನಂತ ವಂದನೆಗಳನ್ನು ಸಲ್ಲಿಸುತ್ತೇನೆ."

"ಸ್ತೋತ್ರ!" ಅಂತ ಇಡೀ ಚರ್ಚು ಗುಡುಗಿತು.

ನಾ ಅಲ್ಲೇ ಅವರ ಬಾಜೂಕ ಕೂತಿದ್ದೆ. ಲೈಸನ್ಸು ದೂರ ಉಳೀಲಿ, ಆ ದಿನದ ತನಕ ನಾ ಕಾರಿನ ಬಲಗಡೆ ಸೀಟಿನ್ಯಾಗ ಕೂತಾಕಿನ ಅಲ್ಲ. ಸುತ್ತಲಿನ ಮಂದಿ ಹೊಳ್ಳಿ ಹೊಳ್ಳಿ ನನ್ನ ನೋಡಿ ನಗಾಕತ್ರು. ನಾನೂ ಹಲ್ಲು ಕಿಸಿದೆ. ಮತ್ತೇನ ಮಾಡ್ಲಿ, ಚರ್ಚಿನ್ಯಾಗ ಎದ್ದು ನಿಂತು "ನಮ್ಮ ಅತ್ತಿ ಹೇಳಿದ್ದು ಸುಳ್ಳು" ಅನ್ನಾಕ ಆಗತೈತೇನು?

ಮನಿಗೆ ಬಂದ ಮ್ಯಾಲೆ ಚಪ್ಪಲಿ ಬಿಡೂದ್ರಾಗ ಕೇಳಿದೆ. "ಅತ್ತಿ, ಏನ್ರಿ ಇದು? ಅದೂ ದೇವರ ಮುಂದ ಸುಳ್ಳು?"

"ಸುಳ್ಳು ಹೆಂಗ ಆಗತೈತಿ? ಕೊಡತಾನ ಅಂತ ನನಗ ಖಾತ್ರಿ ಐತಿ," ಅಂದ್ರು ಅತ್ತಿ. "ಕೊಟ್ಟ ಮ್ಯಾಲೆ ಉಪಕಾರ ಅನ್ನೋದು ಕಿರಾಣಿ ಅಂಗಡ್ಯಾಗೂ ಅಂತಾರ. ಕೊಡೂಕಿಂತ ಮೊದಲ ಅನ್ನೋದಕ್ಕ ನಂಬಿಕಿ ಅಂತಾರ."

"ಅವನು ಕೊಡಬೇಕಂದ್ರ ನಾ ಕಲೀಬೇಕಲ್ರಿ!"

"ಹೌದಲ್ಲ ಮತ್ತ. ಕಲಿ."

ಅತ್ತಿ ಹಿಂಗ ಹಟ ಹಿಡಿಯಾಕ ಕಾರಣ ಇತ್ತು. ಅವರ ತಂಗಿ ಗರಗದಾಗ ಇರತಾರ. ಜನ್ಮ ಪೂರ್ತಿ ಆ ಊರಾಗ ನರ್ಸಬಾಯಿ ಆಗಿದ್ದವರು, ಅರ್ಧ ಊರಿನ ಮಂದಿ ಅವರ ಕೈಯಾಗ ಹುಟ್ಟಿದವರು. ಮದುವಿ ಮಾಡಕೊಳ್ಳಲಿಲ್ಲ, ಊರೂ ಬಿಡಲಿಲ್ಲ. ಈಗ ಹಾಸಿಗಿ ಹಿಡದಾರ. ಬಾಜೂ ಮನಿ ಹೆಣ್ಣುಮಗಳು ನೋಡ್ಕೋತಾಳ. ಧಾರವಾಡಕ್ಕ ಬರ್ರಿ ಅಂದ್ರ "ನಾ ಹಿಡದ ಕೂಸುಗಳು ನನ್ನ ಹೆಣಾ ಎತ್ತಬೇಕು" ಅಂತಾರ. ಅತ್ತಿಗೆ ಇರಾಕಿ ಒಬ್ಬಾಕಿನ ತಂಗಿ. ಪ್ರತಿ ಶನಿವಾರ ನಮ್ಮ ಮನಿಯವರು ಕಾರಿನ್ಯಾಗ ಕರಕೊಂಡು ಹೋಗತಿದ್ರು. ಅಕ್ಕ ತಂಗಿ ಕೂಡಿ ತಲಿ ತೊಳಕೊಂಡು, ಹಾಡು ಹೇಳಿ, ಬೈಬಲ್ ಓದಿ, ಮಂದಿ ಮ್ಯಾಲೆ ಚಾಡಿ ಹೇಳಿ ಬರತಿದ್ರು.

ಹಂಗಿರಬೇಕಾದ್ರ ನಮ್ಮ ಮನಿಯವರ ಸಕ್ಕರಿ ಬ್ಯಾನಿ ಕಣ್ಣಿಗೆ ಇಳೀತು. ದೇಶಪಾಂಡೆ ನಗರದಾಗ ಕಣ್ಣಿನ ಡಾಕ್ಟರಿಗೆ ತೋರಿಸಿದ್ವಿ. "ಇನ್ನ ಮ್ಯಾಲೆ ಸ್ಟೇರಿಂಗ್ ಮುಟ್ಟಬ್ಯಾಡ್ರಿ" ಅಂದ್ರು. ಕಾರಿಗೆ ಹೊದಿಕಿ ಹಾಕಿದ್ವಿ. ಬಸ್ಸಿನ ಮೆಟ್ಟಲಾ ಹತ್ತಾಕ ಅತ್ತಿ ಮೊಣಕಾಲು ಒಲ್ಲೆ ಅಂತಾವ. ಬಾಡಿಗಿ ಗಾಡಿ ಮಾಡಿಕೊಂಡು ಒಮ್ಮೆ ಹೋದ್ವಿ. ಅಕ್ಕ ತಂಗಿ ಹಾಡಿನ ಎರಡನೇ ನುಡಿಗೆ ಬಂದಿದ್ರು, ಹೊರಗ ಡ್ರೈವರ್ ಹಾರ್ನ್ ಹೊಡಿಯಾಕತ್ತ. ತಂಗಿ ಬಾಯಿ ಅತ್ತಿ ಬಾಯಿಕಿಂತ ಜೋರು. "ಬಂದ್ರ ಕೂತು ಹೋಗೂಹಂಗ ಬಾ. ಹೆಣಾ ನೋಡಾಕ ಬಂದವರಂಗ ಹಾರ್ನ್ ಹೊಡಿಸಿಕೊಂತ ಬರಬ್ಯಾಡ" ಅಂದುಬಿಟ್ರು. ಅತ್ತಿ ಅಳಕೊಂತ ಬಂದ್ರು. ಆಮ್ಯಾಲೆ ಫೋನಿನ್ಯಾಗ ಮಾತ್ರ ಮಾತು. ದಿನಾ ದಿನಾ ಆ ಕಡೆ ದನಿ ಸಣ್ಣದಾಗಾಕತ್ತಿತ್ತು.

ಹಿಂಗಾಗಿ ಅತ್ತಿ ನನ್ನ ಮ್ಯಾಲೆ ಸಾಕ್ಷಿ ಹೇಳಿಬಿಟ್ಟಿದ್ರು. ಬೆಳಗಾಗೂದ್ರಾಗ ಚರ್ಚಿನ ಮಂದಿಗೆಲ್ಲಾ ನಾ ಡ್ರೈವರ್ ಆಗಿದ್ದೆ. ವಾಟ್ಸಾಪ್ ಗುಂಪಿನ್ಯಾಗ ಕೈ ಮುಗಿಯೋ ಚಿತ್ರ ಸಾಲಾಗಿ ಬಂದ್ವು. ಹಿರೇ ಮನಶ್ಯಾ ಒಬ್ಬರು "ಅಕ್ಕಾರ, ಮುಂದಿನ ತಿಂಗಳು ಹಾವೇರ್ಯಾಗ ನಮ್ಮ ಅಳಿಯನ ತಮ್ಮನ ಲಗ್ನ ಐತಿ, ನಿಮ್ಮ ಗಾಡ್ಯಾಗ ನಂದೊಂದು ಸೀಟು" ಅಂದ್ರು. ನಾ ಸಾಲ್ಯಾಗ ಹುಡುಗರಿಗೆ ಕಲಿಸೋ ಅಕ್ಕಾರು. ಟೈಮ್‌ಟೇಬಲ್ ಇಲ್ಲದ ಒಂದು ತುತ್ತೂ ಬಾಯಿಗೆ ಇಡಾಕಿ ಅಲ್ಲ. ದೇವರ ಮ್ಯಾಲೆ ನನಗೂ ನಂಬಿಕಿ ಐತಿ, ಆದ್ರ ನಂದು ಮಳಿ ಬರೂದು ಬ್ಯಾಡ ಅಂತ ಬೇಡಿಕೊಂಡೂ ಕೊಡೆ ತಗೊಂಡು ಹೊರಗ ಹೋಗೋ ನಂಬಿಕಿ. ಸಿಟ್ಟು ನೆತ್ತಿಗೇರಿತು. ಅದೇ ಸಿಟ್ಟಿನ್ಯಾಗ ಹೋಗಿ ಡ್ರೈವಿಂಗ್ ಕ್ಲಾಸಿಗೆ ಹೆಸರು ಹಚ್ಚಿದೆ.

ಕಲಿಸೋ ಮಾಸ್ತರು ಹಣಿ ತುಂಬ ವಿಭೂತಿ ಹಚ್ಚಿದ ಮನಶ್ಯಾ. ಭಾಳ ಸಮಾಧಾನಿ. ಮೊದಲನೇ ದಿನ ನಮ್ಮ ಮನಿ ಮುಂದ ಗಾಡಿ ನಿಲ್ಲಿಸಿ ಮುಂದಿನ ಗಾಲಿ ಕೆಳಗ ಒಂದು ಲಿಂಬಿಹಣ್ಣು ಇಟ್ರು. ಹೊಸಬರಿಗೆ ಹಂಗ ಇಡೋದು ಅವರ ರೂಢಿ. ನಾ ಸ್ಟೇರಿಂಗಿನ ಮುಂದ ಕೂತು ಬೆವರು ಒರಸಿಕೊಳ್ಳೂದ್ರಾಗ ಅತ್ತಿ ಬಂದು ಬಗ್ಗಿ, ಲಿಂಬಿಹಣ್ಣು ತಗೊಂಡು ಒಳಗ ಹೋದ್ರು. ನಾವು ಸುತ್ತು ಹೊಡದು ಬರೂದ್ರಾಗ ಅದರ ಶರಬತ್ತು ಮಾಡಿ ಮಾಸ್ತರ ಕೈಯಾಗ ಕೊಟ್ರು. "ದೇವರು ಕೊಟ್ಟ ಹಣ್ಣು, ಗಾಲಿ ಕೆಳಗ ಹಾಕಿ ಹಾಳ ಮಾಡಬ್ಯಾಡ್ರಿ. ಕುಡೀರಿ" ಅಂದ್ರು. ಮಾಸ್ತರು ಕುಡದ್ರು. ಮರುದಿನ ಎರಡು ಲಿಂಬಿಹಣ್ಣು ತಂದ್ರು, ಒಂದು ಗಾಲಿಗೆ, ಒಂದು ಶರಬತ್ತಿಗೆ. ಅತ್ತಿ ಎರಡೂ ಒಳಗ ಒಯ್ದ್ರು.

ಕಲಿಯೋದು ಅಷ್ಟೇನೂ ಕಷ್ಟ ಆಗಲಿಲ್ಲ. ಕ್ಲಚ್ಚು ಬಿಡೋದು, ಗೇರ್ ಹಾಕೋದು ಎಲ್ಲಾ ಲಗೂನ ಬಂತು. "ಅಕ್ಕಾರ, ಛಲೋ ಕೈ ಐತಿ ನಿಮ್ಮದು" ಅಂದ್ರು ಮಾಸ್ತರು. ನಾ ಉಬ್ಬಿಹೋದೆ. ಅದನ್ನ ಮನ್ಯಾಗ ಹೇಳಿದೆ, ಅದ ತಪ್ಪಾತು. "ಹಂಗಾರ ನಾಳೆ ನಾನೂ ಬರತೇನಿ" ಅಂತ ಅತ್ತಿ ಹಿಂದಿನ ಸೀಟಿನ್ಯಾಗ ಹತ್ತಿ ಕೂತ್ರು.

ರಾಯಾಪುರದ ಕಡೆ ಒಂದು ಖಾಲಿ ಲೇಔಟ್ ಐತಿ. ಮನಿ ಇನ್ನೂ ಎದ್ದಿಲ್ಲ, ರಸ್ತೆ ಮಾತ್ರ ಹಾಕ್ಯಾರ. ಅಲ್ಲಿ ನಾ ಆರಾಮ ಹೊಂಟಿದ್ದೆ. ಎದುರಿಗೆ ಒಂದು ಎಮ್ಮಿ ಬಂತು. ಬರಲಿ, ರಸ್ತೆ ಅಗಲ ಐತಿ, ಎಮ್ಮಿಗೂ ಬುದ್ಧಿ ಐತಿ. ಆದ್ರ ಹಿಂದಿನ ಸೀಟಿನಿಂದ ಅತ್ತಿ ದನಿ ಎದ್ದಿತು: "ಪರಲೋಕದ ತಂದೆಯೇ, ಈ ಗಳಿಗೆಯಲ್ಲಿ ನಿನ್ನ ಪಾದಸನ್ನಿಧಿಗೆ ಬರುತ್ತೇವೆ..."

ನನ್ನ ಕಣ್ಣು ಮುಚ್ಚಿದ್ವು.

ನಾ ಮುಚ್ಚಲಿಲ್ಲ, ಖರೇ ಹೇಳತೇನಿ. ತಾವ ಮುಚ್ಚಿದ್ವು. ನಾ ಹುಟ್ಟಿದ ಮನ್ಯಾಗ ಪ್ರಾರ್ಥನಾ ನಡದಾಗ ಕಣ್ಣು ತಗದವರ ಕಿವಿ ನಮ್ಮಪ್ಪ ಹಿಂಡತಿದ್ರು. ನಾವು ಕಣ್ಣು ತಗದದ್ದು ಅವರಿಗೆ ಹೆಂಗ ಕಾಣತಿತ್ತು ಅಂತ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ. ರವಿವಾರ ಸಾಲಿ, ಊಟದ ಮುಂದ, ಮಲಗೂ ಮುಂದ, ಪರೀಕ್ಷಾ ಮುಂದ, ಇಷ್ಟು ವರ್ಷ "ತಂದೆಯೇ" ಅನ್ನೋ ಶಬ್ದ ಕಿವಿಗೆ ಬಿದ್ದ ಕೂಡಲೇ ರೆಪ್ಪಿ ಇಳಿದು ರೂಢಿ. ಕೈ ಸುದ್ದಾ ಸ್ಟೇರಿಂಗ್ ಬಿಟ್ಟು ಜೋಡಿಸಾಕ ಹೊಂಟಿದ್ವು. ಮಾಸ್ತರು "ಅಕ್ಕಾರ! ಅಕ್ಕಾರ!" ಅಂತ ಒದರಿದ್ದು ಕೇಳಿತು. ಆಮೆನ್ ಆಗೂತನಕ ಕಣ್ಣು ತಗಿಯಾಕ ನನಗ ಬರೂದಿಲ್ಲ. ಅವರ ಕಡೆ ಇದ್ದ ಬ್ರೇಕ್ ಅವರು ಒತ್ತಿದ್ರು. ಆದ್ರೂ ಗಾಡಿ ಹೋಗಿ ಉಸುಕಿನ ಗುಡ್ಡಿಗೆ ಮೂತಿ ಇಟ್ಟು ನಿಂತಿತು. ಎಮ್ಮಿ ನಿಂತು ನೋಡಿ ಮುಂದ ಹೋತು.

"ಆಮೆನ್" ಅಂದ್ರು ಅತ್ತಿ. "ನೋಡು, ಏನೂ ಆಗಲಿಲ್ಲ."

ಮಾಸ್ತರು ಎದಿ ಹಿಡಕೊಂಡು ಕೂತಿದ್ರು. "ಅಮ್ಮಾರ, ನಿಮಗ ಕೈ ಮುಗೀತೇನಿ, ದೇವರನ್ನ ಮನಸಿನ್ಯಾಗ ನೆನಸ್ರಿ," ಅಂದ್ರು. "ನಾನೂ ದೇವರನ್ನ ನೆನಸತೇನ್ರಿ. ಆದ್ರ ನಮ್ಮ ಕಡೆ ಕಣ್ಣು ಮುಚ್ಚಬೇಕು ಅಂತ ಕಡ್ಡಾಯ ಇಲ್ರಿ."

ಲೈಸನ್ಸಿನ ಪರೀಕ್ಷಾ ದಿನ ಅತ್ತಿ ಬಾಯಿ ಮ್ಯಾಲೆ ಕೈ ಇಟ್ಟು ಆಣಿ ಮಾಡೋದೊಂದು ಬಾಕಿ. "ಒಂದು ಶಬ್ದ ಆಡೂದಿಲ್ಲ. ಬೇವಿನ ಗಿಡದ ಕೆಳಗ ಸುಮ್ಮನ ನಿಂದರತೇನಿ" ಅಂದ್ರು. ಮನ್ಯಾಗ ಬಿಟ್ಟು ಬರೂಣಂದ್ರ ಒಪ್ಪಲಿಲ್ಲ. ಮೈದಾನದಾಗ ಕಂಬ ನಿಲ್ಲಿಸಿ ಎಂಟರ ಆಕಾರದ ದಾರಿ ಮಾಡಿದ್ರು. ಇನ್ಸ್‌ಪೆಕ್ಟರ್ ಸಾಹೇಬರು ಬಾಜೂಕ ನಿಂತಿದ್ರು. ನಾ ಮೊದಲನೇ ಸುತ್ತು ಛಂದಂಗ ಮುಗಿಸಿದೆ. ಎರಡನೇ ತಿರುವಿನ್ಯಾಗ ಒಂದು ಕಂಬದ ಸಮೀಪ ಸಮೀಪ ಹೋದೆ, ಮುಟ್ಟದಂಗ ದಾಟೂದ್ರಾಗ ಇದ್ದೆ. ಅಷ್ಟರಾಗ ಬೇವಿನ ಗಿಡದ ಕೆಳಗಿಂದ "ತಂದೆಯೇ!" ಅಂತ ಒಂದು ದನಿ. ಮೈದಾನ ಪೂರ್ತಿ ಕೇಳಿತು.

ಕಂಬ ಬಿತ್ತು. ಅದರ ಬಾಜೂಕಿಂದೂ ಬಿತ್ತು.

ಸಾಹೇಬರು ಓಡಿ ಬಂದ್ರು. "ಏನ್ರಿ ಬಾಯಾರ, ಕಣ್ಣು ಮುಚ್ಚಿದ್ರಲ್ಲಾ! ಚಕ್ಕರ ಬಂತೇನು?"

"ಇಲ್ರಿ ಸರ್. ಪ್ರಾರ್ಥನಾ ನಡದೈತ್ರಿ."

"ಯಾರದು?"

ನಾ ಬೇವಿನ ಗಿಡ ತೋರಿಸಿದೆ. ಅತ್ತಿ ಕಣ್ಣು ಮುಚ್ಚಿ, ಕೈ ಎತ್ತಿ, ಇನ್ನೂ ಮುಗಿಸಿರಲಿಲ್ಲ. ಶುರು ಮಾಡಿದ ಪ್ರಾರ್ಥನಾ ನಡಕ ಬಿಡೋ ಪೈಕಿ ಅಲ್ಲ ಅವರು. ಆ ಮೈದಾನ, ಅಲ್ಲಿ ಬಂದ ಹುಡುಗರು ಹುಡುಗ್ಯಾರು, ಸರಕಾರ, ಸರಕಾರದ ಅಧಿಕಾರಿಗಳು, ಎಲ್ಲಾರ ಸಲುವಾಗಿ ಬೇಡಿಕೊಳ್ಳಾಕತ್ತಿದ್ರು. ಸಾಹೇಬರಿಗೆ ಏನು ಮಾಡಬೇಕು ತಿಳೀಲಿಲ್ಲ. ತಾವೂ ಕೈ ಕಟಗೊಂಡು ಸುಮ್ಮನ ನಿಂತ್ರು. ಆಮೆನ್ ಆದ ಮ್ಯಾಲೆ ನನ್ನ ಕಡೆ ಹೊಳ್ಳಿ, "ಮತ್ತೊಮ್ಮೆ ಬರ್ರಿ. ಒಬ್ರ ಬರ್ರಿ" ಅಂದ್ರು.

ನಾಚಿಕಿಯಿಂದ ನನಗ ನೆಲಾ ಬಾಯಿ ತಗದ್ರ ಸಾಕಾಗಿತ್ತು. ಮುಂದಿನ ರವಿವಾರ ಚರ್ಚಿಗೆ ಹೋಗಾಕ ಮನಸಿರಲಿಲ್ಲ. ಹೋದೆ. ಸಾಕ್ಷಿ ಹೊತ್ತು ಬಂತು. ಅತ್ತಿ ಎದ್ರು. ನಾ ಅವರ ಸೆರಗು ಹಿಡದು ಜಗ್ಗಿದೆ, ಕುಂದರಲಿಲ್ಲ. "ಕರ್ತನು ಲೈಸನ್ಸು ಕೊಟ್ಟಾಗಿದೆ," ಅಂದ್ರು. ಆಮ್ಯಾಲೆ ಪುಸ್ತಕದ ಕನ್ನಡ ಮರತುಹೋತು. "ನಮ್ಮ ಸೊಸಿ ಇನ್ನೂ ಇಸಕೊಂಡಿಲ್ಲ, ಅಷ್ಟ."

ಪಾಸ್ಟರು ಸುದ್ದಾ ನಕ್ರು. ನನಗ ನಗಿ ಬರಲಿಲ್ಲ. ಮನಿಗೆ ಬಂದು ಅಡಗಿಮನಿ ಬಾಗಲಾ ದಡ್ ಅಂತ ಹಾಕಿದೆ. ಇನ್ನ ಈ ಗಾಡಿ ಉಸಾಬರಿ ನನಗ ಬ್ಯಾಡ ಅಂತ ಗಟ್ಟಿ ಮನಸ ಮಾಡಿದೆ.

ಅವತ್ತ ಮಧ್ಯಾಹ್ನ ಗರಗದಿಂದ ಫೋನ್ ಬಂತು. ಬಾಜೂ ಮನಿ ಹೆಣ್ಣುಮಗಳು ಮಾಡಿದ್ದು. "ಬಾಯಾರು ಊಟ ಕಡಿಮಿ ಮಾಡ್ಯಾರ್ರಿ. ಮಾತಾಡಕೊಂತ ಮಾತಾಡಕೊಂತ ನಿದ್ದಿ ಹೋಗಿಬಿಡತಾರ. ಅಕ್ಕ ಎಂದ ಬರತಾಳ ಅಂತ ಕೇಳತಾರ" ಅಂದ್ಲು. ನಾ ಫೋನ್ ಇಟ್ಟು ಅತ್ತಿಗೆ ಹೇಳಿದೆ. ಈಗ ಜೋರು ಪ್ರಾರ್ಥನಾ ಶುರು ಆಗತೈತಿ ಅಂತ ಕಾದೆ. ಆಗಲಿಲ್ಲ. ಅತ್ತಿ ಬಳ್ಳೊಳ್ಳಿ ಸುಲಿಯಾಕತ್ತಿದ್ರು, ಹಂಗ ಸುಲಕೊಂತ ಕೂತ್ರು. ಸುಲದ ಎಸಳು ಸಿಪ್ಪಿ ರಾಶ್ಯಾಗ ಹಾಕಾಕತ್ತಿದ್ರು, ಸಿಪ್ಪಿನ್ನ ಬಟ್ಟಲಾಗ.

"ಅತ್ತಿ, ಹೆದರಿಕಿ ಆಗಾಕತ್ತೈತೇನ್ರಿ?" ಅಂದೆ.

"ಆಗೂದಿಲ್ಲೇನ ಯವ್ವಾ," ಅಂದ್ರು. "ಅದಕ್ಕ ಚರ್ಚಿನ್ಯಾಗ ಅಷ್ಟು ಜೋರಾಗಿ ಹೇಳಿದ್ದು. ಮಂದಿಗೆ ಕೇಳಲಿ ಅಂತಲ್ಲ, ನನಗ ಕೇಳಲಿ ಅಂತ."

ನಂಬಿಕಿ ಇದ್ದವರಿಗೆ ಹೆದರಿಕಿ ಇರೂದಿಲ್ಲ ಅಂತ ನಾ ಇಷ್ಟು ದಿನ ತಿಳಕೊಂಡಿದ್ದೆ. ಆ ಮುದುಕಿ ಹೊಟ್ಟ್ಯಾಗ ನನಗಿಂತ ಹತ್ತು ಪಟ್ಟು ಹೆದರಿಕಿ ಇತ್ತು. ನನ್ನ ಸಿಟ್ಟೆಲ್ಲಾ ಇಳದುಹೋತು. ಅಳು ಬಂತು. ಬಳ್ಳೊಳ್ಳಿ ಘಾಟು ಅಂತ ನೆಪ ಹೇಳಿ ಅತ್ತುಬಿಟ್ಟೆ.

ಆ ದಿನದಿಂದ ನಮ್ಮ ಅಡಗಿಮನ್ಯಾಗ ಹೊಸಾ ಅಭ್ಯಾಸ ಶುರು ಆತು. ನಾ ರೊಟ್ಟಿ ಬಡಿಯೋದು, ಅತ್ತಿ ಬಾಜೂಕ ಕೂತು ಜೋರಾಗಿ ಪ್ರಾರ್ಥನಾ ಮಾಡೋದು, ನಾ ಕಣ್ಣು ತಗದು ಇರಬೇಕು. ಕಣ್ಣು ತಗದೀನೋ ಇಲ್ಲೋ ನೋಡಾಕ ನಮ್ಮ ಮನಿಯವರು. ಕಣ್ಣಿಗೆ ಔಷಧ ಹಾಕಿಕೊಂಡು, ನನ್ನ ಮಾರಿ ಹತ್ರ ಮಾರಿ ತಂದು, "ಮುಚ್ಚಿದಿ ನೋಡು, ಈಗ ಮುಚ್ಚಿದಿ" ಅಂತಿದ್ರು. "ನಿಮಗ ನನ್ನ ಮೂಗ ಎಲ್ಲೈತಿ ಅನ್ನೋದ ಕಾಣೂದಿಲ್ಲ, ನಿಮ್ಮದೇನ ಸಾಕ್ಷಿ!" ಅಂತ ನಾ ಜಗಳಾ ತಗೀತಿದ್ದೆ. ಮೊದಲ ಮೊದಲ ರೊಟ್ಟಿ ಹೊತ್ತಿದ್ವು. ಕಣ್ಣು ತಗದು ಪ್ರಾರ್ಥನಾ ಕೇಳೋದು ಎಷ್ಟು ಕಷ್ಟ ಅಂತ ಬ್ಯಾರೆ ಮಂದಿಗೆ ತಿಳೀಲಿಕ್ಕಿಲ್ಲ. ಪಾಪ ಮಾಡಿದಂಗ ಅನಸತಿತ್ತು. ಹಿಂದಿನಿಂದ ಯಾರರ ಬಂದು ಕಿವಿ ಹಿಂಡತಾರೇನೋ ಅಂತ ಹೊಳ್ಳಿ ನೋಡತಿದ್ದೆ. ಆಮ್ಯಾಲೆ ಆಮ್ಯಾಲೆ ರೊಟ್ಟಿ ಉಬ್ಬಾಕತ್ವು.

ಮುಂದಿನ ಪರೀಕ್ಷಾಕ್ಕ ಅತ್ತಿ ಮನ್ಯಾಗ ಉಳದ್ರು. ಸಾಹೇಬರು ಮೊದಲ ಬೇವಿನ ಗಿಡದ ಕಡೆ ನೋಡಿ, ಆಮ್ಯಾಲೆ ನನ್ನ ಗಾಡಿ ಬಿಟ್ರು. ಒಂದೂ ಕಂಬ ಬೀಳಲಿಲ್ಲ. ಲೈಸನ್ಸು ಕೈಗೆ ಬಂದ ದಿನ ಅತ್ತಿ ಅದನ್ನ ತಿರುಗಿಸಿ ಮುರುಗಿಸಿ ನೋಡಿ, "ಫೋಟೋದಾಗ ಸಿಟ್ಟು ಮಾಡ್ಕೊಂಡಿ ನೋಡು" ಅಂತ ಅಷ್ಟ ಅಂದ್ರು. ಅವರ ಪಾಲಿಗೆ ಅದು ಹಳೇ ಸುದ್ದಿ.

ಗರಗಕ್ಕ ಹೋಗೂಕಿಂತ ಮೊದಲ ಮಾಸ್ತರಿಗೆ ಫೋನ್ ಮಾಡಿ ಹೇಳಿದೆ. "ಹೋಗ್ರಿ ಅಕ್ಕಾರ, ಏನೂ ಆಗೂದಿಲ್ಲ. ಆದ್ರ ಹೊತ್ತು ಮುಳುಗೂದ್ರಾಗ ಹೊಳ್ಳಿ ಬರ್ರಿ. ಈಗ ಕಬ್ಬಿನ ಸೀಜನ್. ಟ್ರ್ಯಾಕ್ಟರಿಗೆ ಹಿಂದ ಲೈಟ್ ಇರೂದಿಲ್ರಿ, ಕತ್ತಲಾಗ ಕಾಣೂದಿಲ್ಲ" ಅಂದ್ರು. ಕತ್ತಲಾಗ ನಾ ಒಂದು ದಿನಾನೂ ಗಾಡಿ ಹೊಡದಿರಲಿಲ್ಲ. ನಾಲ್ಕಕ್ಕ ಹೊಂಡೋದು ಅಂತ ಅತ್ತಿಗೆ ಕಡ್ಡಿ ಮುರದಂಗ ಹೇಳಿದೆ. ಅವರು ಒಪ್ಪಿದ್ರು.

ದಾರಿಗುಂಟ ಅತ್ತಿ ಪ್ರಾರ್ಥನಾ ಬಿಡಲಿಲ್ಲ, ಆದ್ರ ಈ ಸಲ ಅವರೂ ಕಣ್ಣು ತಗದಿದ್ರು. ಅದು ಹಿಂದಕಿಂತ ಅನಾಹುತ. ಕಂಡದ್ದೆಲ್ಲಾ ದೇವರಿಗೆ ಹೇಳಬೇಕಲ್ಲ! "ತಂದೆಯೇ, ಎದುರಿಗೆ ಬರುತ್ತಿರುವ ಟೆಂಪೋ ಚಾಲಕನಿಗೆ ಸದ್ಬುದ್ಧಿಯನ್ನು ಕರುಣಿಸು. ಕರ್ತನೇ, ಈ ಎರಡು ಕುರಿಗಳನ್ನು ರಸ್ತೆಯ ಪಕ್ಕಕ್ಕೆ ನಡೆಸು. ನನ್ನ ಸೊಸೆಗೆ ಮೂರನೆಯ ಗೇರನ್ನು ಜ್ಞಾಪಕಕ್ಕೆ ತಾ." ನಾ ಗೇರ್ ಹಾಕಿದೆ. ಕುರಿ ಬದಿಗೆ ಹೋದ್ವು. ಇಬ್ಬರ ನಾಲ್ಕೂ ಕಣ್ಣು ಪಿಳಿ ಪಿಳಿ ಬಿಟಗೊಂಡು ಗರಗ ಮುಟ್ಟಿದ್ವಿ.

ತಂಗಿ ಹಾಸಿಗ್ಯಾಗ ಒಂದು ಹಿಡಿ ಆಗಿದ್ರು. ಆದ್ರ ಬಾಯಿ ಹಂಗ ಇತ್ತು. "ಇಷ್ಟು ದಿನಾ ಎಲ್ಲಿ ಸತ್ತಿದ್ದಿ?" ಅಂದ್ರು ಅಕ್ಕಗ. "ನೀ ಸಾಯೂಕಿಂತ ಮೊದಲ ಬಂದೀನಲ್ಲ, ಸುಮ್ಮನ ಇರು" ಅಂದ್ರು ಅತ್ತಿ. ಇಬ್ರೂ ಅತ್ರು. ಅತ್ತು ಮುಗಿಸಿ ತಂಗಿ ತಲಿ ತೊಳದ್ರು ಅತ್ತಿ, ಕೂದಲಾ ಒರಸಿ ಜಡಿ ಹಾಕಿದ್ರು, ಗಂಜಿ ಕುಡಿಸಿದ್ರು. ಹಾಡು ಹೇಳಿದ್ರು. ಎರಡನೇ ನುಡಿ ಆತು, ಮೂರನೇದು ಆತು, ಯಾರೂ ಹಾರ್ನ್ ಹೊಡೀಲಿಲ್ಲ. ಹೊಡಿಯೋ ಡ್ರೈವರ್ ಮೂಲ್ಯಾಗ ಕೂತು ಮೂಗ ಒರಸಿಕೊಳ್ಳಾಕತ್ತಿದ್ಲು.

ಊಟ ಆದ ಮ್ಯಾಲೆ ತಂಗಿ ಬದಿಗೆ ಸರದು "ಇಲ್ಲೇ ಅಡ್ಡಾಗು" ಅಂದ್ರು. ಸಣ್ಣ ಮಂಚ. ಅದರಾಗ ಅತ್ತಿ ಹೆಂಗೋ ಹೊಂದಿಕೊಂಡು ಮಲಗಿದ್ರು. ಮಾತಾಡಕೊಂತ ಇಬ್ಬರಿಗೂ ನಿದ್ದಿ ಹತ್ತಿತು.

ನಾಲ್ಕು ಹೊಡೀತು. ನಾ ಪರ್ಸ್ ತಗೊಂಡು ಎದ್ದೆ. ಎಬ್ಬಸಾಕ ಹತ್ರ ಹೋದೆ. ತಂಗಿ, ಅಕ್ಕನ ಸೆರಗಿನ ಚುಂಗು ಮುಷ್ಟ್ಯಾಗ ಹಿಡಕೊಂಡಿದ್ರು. ಇಬ್ಬರೂ ಗೊರಕಿ ಹೊಡಿಯಾಕತ್ತಿದ್ರು. ಇಬ್ಬರೂ ಕೂಡಿ ಹಿಂಗ ಮಲಗೋದು ಇನ್ನೊಮ್ಮೆ ಸಿಗತೈತೋ ಇಲ್ಲೋ, ಯಾರಿಗೆ ಗೊತ್ತು. ನಾ ಹೊರಗ ಬಂದು ಹೊಸ್ತಲಾ ಮ್ಯಾಲೆ ಕೂತೆ.

ಬಿಸಲು ಗೋಡಿ ಏರಿತು, ಗೋಡಿ ದಾಟಿತು. ಬಾಜೂ ಮನಿ ಹೆಣ್ಣುಮಗಳು ಚಹಾ ತಂದು ಕೊಟ್ಲು. "ಹೊತ್ತು ಮುಳುಗಾಕ ಬಂತ್ರಿ ಅಕ್ಕಾರ. ಎಬ್ಬಸಲೇನು?"

"ಬ್ಯಾಡ್ರಿ," ಅಂದೆ. "ಮಲಗಲಿ."

ನನಗ ಖರೇನ ಹೆದರಿಕಿ ಆಗಿತ್ತು. ದೂರ ರಸ್ತೆದಾಗ ಕಬ್ಬಿನ ಟ್ರ್ಯಾಕ್ಟರ್ ಸಪ್ಪಳ ಕೇಳತಿತ್ತು, ಮಾಸ್ತರು ಹೇಳಿದಂಗ ಒಂದಕ್ಕೂ ಹಿಂದ ಲೈಟ್ ಇದ್ದಂಗ ಕಾಣಲಿಲ್ಲ. ನನಗ ಪುಸ್ತಕದ ಕನ್ನಡದಾಗ ಪ್ರಾರ್ಥನಾ ಮಾಡಾಕ ಬರೂದಿಲ್ಲ. ಕಣ್ಣು ತಗದ ಆಕಾಶದ ಕಡೆ ನೋಡಿದೆ.

"ಇಲ್ನೋಡಪಾ," ಅಂದೆ, "ಲೈಟಿನ ಸ್ವಿಚ್ಚು ಎಲ್ಲೈತಿ ಅಂತ ನನಗ ಗೊತ್ತೈತಿ. ಟ್ರ್ಯಾಕ್ಟರ್ ನೀ ನೋಡ್ಕೋ."